ರೊಟ್ಟಿ ರೇಟಿನಲ್ಲಿ ಬಿಟ್ಟುಹೋದ ಕೂಲಿ

ಹತ್ತು ರೂಪಾಯಿಗೆ ಮಾರುವ ಒಂದು ಖಡಕ್ ರೊಟ್ಟಿಯಲ್ಲಿ ಜೋಳಕ್ಕೆ ಎಷ್ಟು, ಗ್ಯಾಸಿಗೆ ಎಷ್ಟು, ಅಂಗಡಿಯವರಿಗೆ ಎಷ್ಟು ಎಂದು ಕೇಳಿ ನೋಡಿ. ಈ ವ್ಯಾಪಾರದಲ್ಲಿರುವ ಯಾವ ಹೆಣ್ಣುಮಗಳಾದರೂ ಥಟ್ಟನೆ ಹೇಳುತ್ತಾಳೆ. ಬಡಿದ ಕೈಗೆ ಎಷ್ಟು ಎಂದು ಕೇಳಿದಾಗ ಮಾತ್ರ "ಉಳಿದಿದ್ದು ನಮಗೇ ಅಲ್ಲೇನ್ರಿ" ಎಂಬ ಉತ್ತರ ಬರುತ್ತದೆ. ಎಷ್ಟು ಉಳಿಯಿತು ಎಂದು ಮುಂದಕ್ಕೆ ಕೇಳಿದರೆ ಕೇಳಿದವರೂ ಹೇಳಿದವರೂ ಸುಮ್ಮನಾಗುತ್ತಾರೆ.

ಕಲಬುರಗಿ ಕಡೆ ಈಗ ರೊಟ್ಟಿಗೆ ಒಳ್ಳೆಯ ಕಾಲ. ಜಿಲ್ಲಾಡಳಿತದ ಬೆಂಬಲದಲ್ಲಿ 'ಕಲಬುರಗಿ ರೊಟ್ಟಿ' ಎಂಬ ಬ್ರ್ಯಾಂಡ್ ಬಂತು. 2025ರ ಜೂನ್ ತಿಂಗಳ 'ಮನ್ ಕೀ ಬಾತ್'ನಲ್ಲಿ ಪ್ರಧಾನಿ ಅದರ ಹೆಸರು ಹೇಳಿದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ ಮೇಲಿದ್ದ ಶೇ. 5ರ ಜಿಎಸ್‌ಟಿಯೂ ಹೋಯಿತು. ಹೀಗಾಗಿ ಆಳಂದದಿಂದ ಸೇಡಂವರೆಗೆ, ಅತ್ತ ಯಾದಗಿರಿ, ಬೀದರ್ ತನಕ, ಸ್ವಸಹಾಯ ಸಂಘಗಳ ಸಭೆಯಲ್ಲಿ 'ನಾವೂ ರೊಟ್ಟಿ ಮಾಡೋಣೇನು' ಎಂಬ ಮಾತು ಬರುತ್ತಿದೆ. ವೇದಿಕೆ ಮೇಲೆ ಮಾತಾಡುವವರು ಕಾಯಕದ ಬಗ್ಗೆ ಹೇಳುತ್ತಾರೆ, ಕೂಲಿ ಬಗ್ಗೆ ಹೇಳುವುದಿಲ್ಲ. ಕೆಲಸ ಗೊತ್ತು, ಕೈಯಲ್ಲಿದೆ, ಮಾರುಕಟ್ಟೆ ಇದೆ. ಅಂದಮೇಲೆ ಲಾಭ ತಾನಾಗಿ ಬರುತ್ತದೆ ಎಂಬ ನಂಬಿಕೆ ಎಲ್ಲರಿಗೂ ಇದೆ. ಬರುತ್ತದೋ ಇಲ್ಲವೋ ಅನ್ನುವುದು ಹಿಟ್ಟಿನಿಂದಲೇ ಶುರುವಾಗುತ್ತದೆ.

ರೊಟ್ಟಿಗೆ ಬೇಕಾದದ್ದು ಹಿಂಗಾರಿ ಬಿಳಿಜೋಳ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕಪ್ಪುಮಣ್ಣಿನ ಹಸಿಗೆ ಬಿತ್ತಿ ಫೆಬ್ರುವರಿ-ಮಾರ್ಚಿಗೆ ಕೊಯ್ಯುವ ಬೆಳೆ. ಇದರಲ್ಲಿ ಈ ಭಾಗದವರೆಲ್ಲ ಕಣ್ಣುಮುಚ್ಚಿ ಕೇಳುವುದು ಮಾಲದಂಡಿ, ಅಂದರೆ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆಯ್ಕೆ ಮಾಡಿದ ಎಂ 35-1 ತಳಿ. ಕಾಳು ದಪ್ಪ, ಮುತ್ತಿನಂಥ ಹೊಳಪು, ಹಿಟ್ಟು ಬೆಳ್ಳಗೆ. ಮುಂಗಾರಿನ ಹೈಬ್ರಿಡ್ ಜೋಳ ಕಾಳು ಕಟ್ಟುವ ಹೊತ್ತಿಗೆ ಮಳೆ ಹಿಡಿಯುತ್ತದೆ. ತೆನೆಯಲ್ಲೇ ಬೂಷ್ಟು ಹತ್ತಿ ಕಾಳಿನ ಮೂತಿ ಕಪ್ಪಾಗುತ್ತದೆ. ಅದರ ಹಿಟ್ಟು ಬೂದಿ ಬಣ್ಣಕ್ಕೆ ತಿರುಗುತ್ತದೆ, ರೊಟ್ಟಿ ಒಗರು ಹೊಡೆಯುತ್ತದೆ. 2025-26ಕ್ಕೆ ಸರ್ಕಾರದ ಬೆಂಬಲ ಬೆಲೆ ಹೈಬ್ರಿಡ್‌ಗೆ ಕ್ವಿಂಟಲ್‌ಗೆ 3,699, ಮಾಲದಂಡಿಗೆ 3,749 ರೂಪಾಯಿ. ಕಾಗದದ ಮೇಲೆ ಅಂತರ ಐವತ್ತೇ ರೂಪಾಯಿ. ಕಾಳು ಮಾರುವ ಪೇಟೆಯಾದ ಗಂಜಿನಲ್ಲಿ ನಿಂತು ಒಳ್ಳೆಯ ಮಾಲದಂಡಿ ಕೇಳಿದರೆ ಅಂತರ ಎಷ್ಟೆಂದು ಗೊತ್ತಾಗುತ್ತದೆ. ವರ್ಷದ ಜೋಳವನ್ನು ಮಾರ್ಚ್-ಏಪ್ರಿಲ್‌ನಲ್ಲೇ ಹಿಡಿದಿಡುವುದು ಜಾಣತನ, ಆದರೆ ಅದಕ್ಕೆ ರೊಕ್ಕ ಒಮ್ಮೆಗೇ ಬೇಕು. ಸಂಘದ ಸಾಲ ಮೊದಲು ಹೋಗಬೇಕಾದ್ದು ಅಲ್ಲಿಗೆ. ಬಹುತೇಕ ಸಂಘಗಳಲ್ಲಿ ಅದು ಬ್ಯಾನರಿಗೂ ಉದ್ಘಾಟನೆಗೂ ಹೋಗಿರುತ್ತದೆ, ಇರಲಿ.

ಕಾಳನ್ನು ಹಲ್ಲಿಗೆ ಹಾಕಿ ಕಡಿದರೆ ಕಟಕ್ಕೆಂದು ಒಡೆಯಬೇಕು. ಮೆತ್ತಗೆ ಅಮುಕಿದರೆ ತೇವ ಇದೆ ಎಂದರ್ಥ, ಮತ್ತೆರಡು ಬಿಸಿಲು ಕೊಡಬೇಕು. ಹಸನು ಮಾಡುವಾಗ ಹರಳು, ಹುಳು ಕೊರೆದ ಕಾಳು, ಕಡ್ಡಿ ಎಲ್ಲ ಸೇರಿ ನೂರಕ್ಕೆ ನಾಲ್ಕೈದು ಪಾಲು ಹೋಗುತ್ತದೆ. ಇದನ್ನು ಖರ್ಚೆಂದು ಬರೆಯುವವರು ಕಡಿಮೆ.

ಗಿರಣಿಗೆ ಒಯ್ಯುವಾಗ ವಾರಕ್ಕೆ ಸಾಕಾಗುವಷ್ಟೇ ಒಯ್ಯಬೇಕು. ಜೋಳದ ಹಿಟ್ಟಿನಲ್ಲಿ ಮೊಳಕೆಯ ಭಾಗದ ಎಣ್ಣೆ ಹಾಗೇ ಉಳಿದಿರುತ್ತದೆ, ಹಳೆಯದಾದಂತೆ ಕಮಟು ಬರುತ್ತದೆ. ಅದಕ್ಕೂ ಮುಂಚೆಯೇ ಹಿಟ್ಟಿನ ಜಿಗಿ ಹೋಗಿರುತ್ತದೆ, ಬಡಿಯುವಾಗ ಅಂಚು ಹರಿಯುತ್ತದೆ. ಬಿಸಿ ಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೂ ಇದೇ ಗತಿ. ಪರಾತದಲ್ಲಿ ಹರವಿ ಆರಿಸಿ ತುಂಬಬೇಕು. ಇನ್ನೊಂದು ವಿಷಯ ಗಿರಣಿಯ ಕಲ್ಲಿನದು. ನಿಮಗಿಂತ ಮುಂಚೆ ಅದರಲ್ಲಿ ಗೋದಿ ಬೀಸಿದ್ದರೆ ನಿಮ್ಮ ಹಿಟ್ಟಿಗೆ ಗೋದಿ ಬೆರೆತೇ ಬೆರೆಯುತ್ತದೆ. ಮನೆಗಾದರೆ ಪರವಾಗಿಲ್ಲ. ಪ್ಯಾಕೆಟ್ ಮೇಲೆ 'ಗ್ಲುಟೆನ್ ಇಲ್ಲ' ಎಂದು ಅಚ್ಚು ಹಾಕಿಸುವವರು ಮಾತ್ರ ಎಚ್ಚರ ಇರಬೇಕು. ಹಾಗೆ ಬರೆಯಬೇಕಾದರೆ ಗ್ಲುಟೆನ್, ಅಂದರೆ ಗೋದಿ ಹಿಟ್ಟಿಗೆ ಎಳೆ ಕೊಡುವ ಜಿಗುಟು ಪ್ರೋಟೀನು, ಕೆಜಿಗೆ 20 ಮಿಲಿಗ್ರಾಂ ದಾಟಬಾರದು ಎನ್ನುವುದು ಆಹಾರ ಸುರಕ್ಷತೆಯ ನಿಯಮ. ಬೆಂಗಳೂರಿನ ಗಿರಾಕಿಗೆ ಆ ಮಾತು ಬಹಳ ಹಿಡಿಸುತ್ತದೆ. ಜೋಳಕ್ಕಷ್ಟೇ ಮೀಸಲಾದ ಗಿರಣಿ ಇಲ್ಲದೆ ಅದನ್ನು ಬರೆಯಬಾರದು ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಆ ಗ್ಲುಟೆನ್ ಇಲ್ಲದ್ದರಿಂದಲೇ ಈ ಕೆಲಸ ಇಷ್ಟು ಕಷ್ಟ. ಗೋದಿ ಹಿಟ್ಟು ತಣ್ಣೀರಿನಲ್ಲಿ ನಾದಿದರೂ ಎಳೆ ಹಿಡಿದು ನಿಲ್ಲುತ್ತದೆ. ಜೋಳಕ್ಕೆ ಆ ಬಲ ಇಲ್ಲ, ಅದಕ್ಕೆ ಎಸರೇ ಗತಿ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಒಂದು ಪಾಲು ಗಂಜಿಗಟ್ಟುತ್ತದೆ, ಆ ಗಂಜಿಯೇ ಉಳಿದ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಒಂದು ಕೆಜಿ ಹಿಟ್ಟಿಗೆ ಒಟ್ಟು ಹೆಚ್ಚೂಕಡಿಮೆ ಒಂದು ಲೀಟರ್ ನೀರು ಹೋಗುತ್ತದೆ. ಅದರಲ್ಲಿ 600-700 ಮಿಲಿ ಎಸರು, ಉಳಿದದ್ದು ನಾದುವಾಗ ಚಿಮುಕಿಸುವ ತಣ್ಣೀರು. ಎಸರು ಬರೀ ಬಿಸಿಯಾಗಿದ್ದರೆ ಸಾಲದು, ಗುಳ್ಳೆ ಎದ್ದು ಮರಳುತ್ತಿರಬೇಕು. ಕುದಿ ಕಡಿಮೆಯಾದರೆ ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ. ಎಸರು ಅತಿಯಾದರೆ ಹಿಟ್ಟು ಗೋಂದಿನಂತಾಗಿ ಪರಾತಕ್ಕೆ ಅಂಟುತ್ತದೆ, ಬೇಯಿಸಿದ ಮೇಲೂ ಒಳಗೆ ಹಸಿಯಾಗಿ ಉಳಿಯುತ್ತದೆ.

ಎಸರು ಹಾಕಿದ ಹಿಟ್ಟನ್ನು ಐದು-ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ನಾಲ್ಕೈದು ರೊಟ್ಟಿಗಾಗುವಷ್ಟೇ ತೆಗೆದು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಎಲ್ಲವನ್ನೂ ಒಮ್ಮೆಗೇ ನಾದಿಟ್ಟರೆ ಕೊನೆಯ ಉಂಡಿಯ ಹೊತ್ತಿಗೆ ಮೇಲ್ಮೈ ಒಣಗಿರುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಲ್ಲಿ ಹುಳಿಯೂ ಬರುತ್ತದೆ. ಬಡಿಯುವುದು ಹೊರಗಿನವರ ಕಣ್ಣಿಗೆ ಬೀಳುವ ಕೆಲಸ, ಫೋಟೊ ತೆಗೆಯುವುದೂ ಅದನ್ನೇ. ಹೆಗಲು ಹೋಗುವುದು ನಾದುವುದರಲ್ಲಿ.

ಹಂಚಿನ ಮೇಲಿನ ಒಂದು ಕ್ಷಣ ಮಾತ್ರ ಎಷ್ಟು ಹೇಳಿದರೂ ಹೊಸಬರಿಗೆ ತಪ್ಪುತ್ತದೆ. ಬಡಿಯುವಾಗ ಅಡಿಗೆ ಹಾಕಿದ ಒಣಹಿಟ್ಟಿನ ಮಗ್ಗಲು ಮೇಲೆ ಬರುವಂತೆ ರೊಟ್ಟಿ ಹಾಕಿ, ಕೂಡಲೇ ಒದ್ದೆ ಅರಿವೆಯಿಂದ ಅಂಚಿನಿಂದ ಅಂಚಿಗೆ ನೀರು ಸವರಬೇಕು. ಸವರದೆ ಬಿಟ್ಟ ಜಾಗದಲ್ಲಿ ಹಿಟ್ಟು ಬೆಳ್ಳಗೆ ಉಳಿದು, ತಿರುವಿದಾಗ ಸೀಯುತ್ತದೆ. ನೀರಿನ ಹೊಳಪು ಹೋಗಿ ಹಸಿ ಇನ್ನೂ ಇರುವಾಗ ತಿರುವಬೇಕು. ಬೇಗ ತಿರುವಿದರೆ ಹಂಚಿಗೆ ಅಂಟುತ್ತದೆ, ತಡ ಮಾಡಿದರೆ ಮೇಲೆ ಬಿರುಕು ಬಿಟ್ಟು ಹಬೆ ಅದರೊಳಗಿಂದಲೇ ಹೊರಟು ರೊಟ್ಟಿ ಉಬ್ಬುವುದಿಲ್ಲ. ಉಬ್ಬದ ರೊಟ್ಟಿ ಖಡಕ್ ಆಗುವುದಿಲ್ಲ, ಕಲ್ಲಾಗುತ್ತದೆ. ಅದನ್ನು ಗಿರಾಕಿ ಎರಡನೇ ಸಲ ಕೊಳ್ಳುವುದಿಲ್ಲ.

ಖಡಕ್ ರೊಟ್ಟಿಗೆ ಇಷ್ಟರ ಮೇಲೆ ಸಣ್ಣ ಉರಿಯಲ್ಲಿ ಅರಿವೆಯಿಂದ ಒತ್ತುತ್ತ ಒಣಗಿಸುವ ಕೆಲಸ ಇದೆ. ಆಮೇಲೆ ಪೂರ್ತಿ ಆರುವ ತನಕ ಬಿದಿರಿನ ಬುಟ್ಟಿಯಲ್ಲಿ ನಿಲ್ಲಿಸಿ ಇಡಬೇಕು. ಕೈಗೆ ಬಿಸಿ ತಾಗುತ್ತಿರುವಾಗಲೇ ಪ್ಯಾಕೆಟ್ಟಿಗೆ ಹಾಕಿ ಸೀಲ್ ಮಾಡಿದರೆ ಒಳಗೆ ಬೆವರು ಕೂತು ಐದಾರು ದಿನದಲ್ಲಿ ಬೂಷ್ಟು ಬರುತ್ತದೆ. ಮಳೆಗಾಲದಲ್ಲಿ ದೂರು ಬರುವುದು ಹೆಚ್ಚಾಗಿ ಇದಕ್ಕೇ. ಅವಸರದ ಆರ್ಡರಿಗೆ ಒಪ್ಪಿಕೊಂಡ ದಿನವೇ ಹೀಗಾಗುವುದು, ಯಾಕೆಂದರೆ ಆರಿಸುವ ಎರಡು ಗಂಟೆಯನ್ನು ಕೆಲಸ ಎಂದು ಯಾರೂ ಎಣಿಸಿರುವುದಿಲ್ಲ.

ಈಗ ಲೆಕ್ಕ. ಖಾನಾವಳಿಯ ಮೆತ್ತನೆ ರೊಟ್ಟಿಗೆ 75-80 ಗ್ರಾಂ ಹಿಟ್ಟು ಬೇಕು, ಕೆಜಿಗೆ ಹದಿಮೂರು ಬರುತ್ತದೆ. ಹತ್ತು ಇಂಚಿನ ತೆಳ್ಳನೆ ಖಡಕ್ ರೊಟ್ಟಿ ಕೆಜಿಗೆ ಹದಿನೆಂಟು. ಪಳಗಿದ ಕೈ ಗಂಟೆಗೆ ಮೂವತ್ತು ಖಡಕ್ ರೊಟ್ಟಿ ಮಾಡಿದರೆ ಚಲೋ ಎನ್ನಬೇಕು. ಎಸರು, ನಾದುವುದು, ಬಳಿಯುವುದು, ತೊಳೆಯುವುದು ಕಳೆದು ದಿನಕ್ಕೆ ಒಬ್ಬರಿಂದ 160 ಎಂದಿಟ್ಟುಕೊಳ್ಳಿ.

ಜೋಳ ಕೆಜಿಗೆ 50 ರೂಪಾಯಿ ಹಿಡಿಯೋಣ. ಹಸನಿನಲ್ಲಿ ಹೋದದ್ದು, ಬೀಸಿದ್ದು ಸೇರಿ ಹಿಟ್ಟಿಗೆ ಸುಮಾರು 58 ಬೀಳುತ್ತದೆ. 160 ರೊಟ್ಟಿಗೆ ಒಂಬತ್ತು ಕೆಜಿ, ಅಂದರೆ 522. ಗ್ಯಾಸ್ ದಿನಕ್ಕೆ ಒಂದೂವರೆ ಕೆಜಿ, ಕೆಜಿಗೆ 90ರಂತೆ 135. ಇದು 19 ಕೆಜಿ ವಾಣಿಜ್ಯ ಸಿಲಿಂಡರಿನ ಲೆಕ್ಕ. ಮನೆಯ 14.2 ಕೆಜಿ ಸಿಲಿಂಡರಿನಲ್ಲಿ ವ್ಯಾಪಾರ ಮಾಡುವಂತಿಲ್ಲ, ಮಾಡಿ ಲಾಭ ತೋರಿಸುವವರ ಲೆಕ್ಕ ಲೆಕ್ಕವೇ ಅಲ್ಲ. ಹತ್ತರ ಪ್ಯಾಕೆಟ್ಟಿಗೆ ಕವರು, ಲೇಬಲ್, ರಟ್ಟಿನ ಪಾಲು ಆರು ರೂಪಾಯಿ, ಹದಿನಾರು ಪ್ಯಾಕೆಟ್ಟಿಗೆ 96. ಒಟ್ಟು 753.

ದಾರಿಯಲ್ಲಿ, ಪ್ಯಾಕಿಂಗಿನಲ್ಲಿ ನೂರಕ್ಕೆ ಐದು ಒಡೆದರೆ ಮಾರಾಟಕ್ಕೆ ಉಳಿಯುವುದು 152. ಹತ್ತಕ್ಕೆ ಮಾರುವ ಅಂಗಡಿ ನಿಮಗೆ ಎಂಟು ಕೊಡುತ್ತದೆ, 1,216 ಬಂತು. 753 ಕಳೆದರೆ 463. ಇದನ್ನೇ 'ದಿನಕ್ಕೆ 463 ರೂಪಾಯಿ ಲಾಭ' ಎಂದು ಸಭೆಯಲ್ಲಿ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದೇ ಹೆಣ್ಣುಮಗಳು ಇನ್ನೊಬ್ಬರ ಅಡುಗೆಮನೆಗೆ ಹೋಗಿ ದಿನವಿಡೀ ರೊಟ್ಟಿ ಬಡಿದರೆ 450 ಕೂಲಿ ಕೇಳುತ್ತಾಳೆ ಎಂದಿಟ್ಟುಕೊಳ್ಳಿ. ಕೂಲಿ ಕಳೆಯಿರಿ. ಲಾಭ 13 ರೂಪಾಯಿ. ಕರೆಂಟು, ಬಾಡಿಗೆ, ಬಸ್ ಚಾರ್ಜು, ಮಾರಾಟವಾಗದೆ ವಾಪಸು ಬಂದ ಪ್ಯಾಕೆಟ್ ಎಲ್ಲ ಆ ಹದಿಮೂರರಲ್ಲೇ ಆಗಬೇಕು.

ಅದೇ 152 ರೊಟ್ಟಿಯನ್ನು ನೇರವಾಗಿ ಹತ್ತಕ್ಕೆ ಮಾರಿದರೆ ಕೂಲಿ ಕಳೆದೂ 317 ಉಳಿಯುತ್ತದೆ. ಜೋಳದ ರೇಟು, ಗ್ಯಾಸಿನ ರೇಟು ನಿಮ್ಮೂರಿನದನ್ನು ಹಾಕಿ ನೋಡಿ, ಅಂಕಿ ಆಚೀಚೆ ಆಗಬಹುದು. ಲೆಕ್ಕದಲ್ಲಿ ಕೂಲಿಯ ಸಾಲು ಬರೆಯದೆ ಹೋದರೆ ಎಲ್ಲವೂ ಲಾಭದಂತೆ ಕಾಣುವುದು ಮಾತ್ರ ಬದಲಾಗುವುದಿಲ್ಲ.

ಈ ಸಾಲು ಯಾಕೆ ಬಿಟ್ಟುಹೋಗುತ್ತದೆ ಎನ್ನುವುದು ಲೆಕ್ಕಪತ್ರದ ಪ್ರಶ್ನೆಯಲ್ಲ. ಹೆಣ್ಣು ನೋಡಲು ಬಂದವರು 'ರೊಟ್ಟಿ ಬಡಿಯಾಕ ಬರ್ತದೇನವಾ' ಎಂದು ಕೇಳುತ್ತಿದ್ದ ಊರುಗಳಿವು. ಬರುವುದಿಲ್ಲ ಎನ್ನುವ ಆಯ್ಕೆ ಯಾರಿಗೂ ಇರಲಿಲ್ಲ. ಮನೆಯಲ್ಲಿ ಪುಕ್ಕಟೆ ಮಾಡಿದ ಕೆಲಸಕ್ಕೆ ಪೇಟೆಯಲ್ಲಿ ರೇಟು ಹಚ್ಚುವಾಗ ಮಾಡುವವರ ಬಾಯಿಗೇ ಸಂಖ್ಯೆ ಬರುವುದಿಲ್ಲ. ಈಗ ಡಿಗ್ರಿ ಓದುವ ಹುಡುಗಿಯರು ರೊಟ್ಟಿ ಕಲಿಯುವುದಿಲ್ಲ ಎಂದು ಹಿರಿಯರು ಗೊಣಗುತ್ತಾರೆ. ನನ್ನನ್ನು ಕೇಳಿದರೆ ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದಾರೆ. ದಿನಕ್ಕೆ ಹದಿಮೂರು ರೂಪಾಯಿ ಉಳಿಸುವ ವ್ಯಾಪಾರಕ್ಕಿಂತ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂತು ತಿಂಗಳ ಪಗಾರ ತೆಗೆದುಕೊಳ್ಳುವುದು ಮೇಲು. ಅವರು ರೊಟ್ಟಿಗೆ ವಾಪಸು ಬರಬೇಕೆಂದರೆ ರೊಟ್ಟಿ ಹನ್ನೆರಡು ರೂಪಾಯಿ ಆಗಬೇಕು. ತಿನ್ನುವವರು ಅದನ್ನು ಕೊಡಲು ತಯಾರಿರಬೇಕು.

ಮಷಿನ್ ತಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಬಹಳ. ಗಂಟೆಗೆ ಐನೂರು, ಆರುನೂರು ರೊಟ್ಟಿ ಎಂದು ಮಾರುವವರು ಹೇಳುತ್ತಾರೆ. ಇರಬಹುದು. ಅಷ್ಟು ಮಾಡಿದ ಮೇಲೆ ದಿನಕ್ಕೆ ಮೂರ್ನಾಲ್ಕು ಸಾವಿರ ಮಾರಲೇಬೇಕು. ಮಳೆ ಬಂದು ಕರೆಂಟು ಹೋದ ದಿನವೂ ಕಂತು ಕಟ್ಟಬೇಕು. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಶೇ. 35ರ ಸಬ್ಸಿಡಿ ಇಟ್ಟಿದ್ದಾರೆ, ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ್ದು. ಸಬ್ಸಿಡಿ ಸಿಗುತ್ತದೆ ಎನ್ನುವ ಒಂದೇ ಕಾರಣಕ್ಕೆ ದೊಡ್ಡ ಮಷಿನ್ ತರಬಾರದು. ಇನ್ನೊಂದು ತೊಡಕು ಹಿಟ್ಟಿನದು. ಒತ್ತುವ ಮಷಿನ್ನಿಗೆ ಗಟ್ಟಿ, ಒಂದೇ ಹದದ ಹಿಟ್ಟು ಬೇಕು. ಜೋಳ ದಿನಕ್ಕೊಂದು ಹದ. ಆಗ ಕೆಲವರು ಮೈದಾವನ್ನೋ ಗೋದಿಯನ್ನೋ ಬೆರೆಸಲು ಶುರು ಮಾಡುತ್ತಾರೆ. ಬೆರೆಸುವುದು ಅಪರಾಧವಲ್ಲ, ಲೇಬಲ್ಲಿನಲ್ಲಿ ಬರೆಯದಿರುವುದು ಅಪರಾಧ. ಕೊಳ್ಳುವವರು ಪದಾರ್ಥಗಳ ಪಟ್ಟಿ ಓದಬೇಕು. ಒಂದು ತುಂಡನ್ನು ನೀರಲ್ಲಿ ನೆನೆಸಿ ಎಳೆದು ನೋಡಿದರೂ ಅಂದಾಜು ಸಿಗುತ್ತದೆ. ಬರೀ ಜೋಳದ್ದು ಪುಡಿಪುಡಿಯಾಗಿ ಬಿಡುತ್ತದೆ, ಮೈದಾ ಇದ್ದದ್ದು ಚರ್ಮದಂತೆ ಜಗ್ಗುತ್ತದೆ. ಆನ್‌ಲೈನಿನಲ್ಲಿ ಹತ್ತು ಹೆಸರಿನ ರೊಟ್ಟಿ ಕಂಡಾಗ ಹತ್ತು ಆಯ್ಕೆ ಇದೆ ಎನಿಸುತ್ತದೆ. ಪಟ್ಟಿ ಓದಿದ ಮೇಲೆ ಅವು ಎರಡಕ್ಕೋ ಮೂರಕ್ಕೋ ಇಳಿಯುತ್ತವೆ.

ಮಷಿನ್ ಬೇಡವೇ ಬೇಡ ಎನ್ನುತ್ತಿಲ್ಲ. ತರುವುದಾದರೆ ಮೊದಲು ಕಾಳು ಹಸನು ಮಾಡುವುದು, ಆಮೇಲೆ ಹಿಟ್ಟು ನಾದುವುದು, ಆಮೇಲೆ ಒಣಗಿಸುವ ಪೆಟ್ಟಿಗೆ, ಕೊನೆಗೆ ಬಡಿಯುವುದು. ಜನ ಇದನ್ನು ಉಲ್ಟಾ ಮಾಡುತ್ತಾರೆ. ನಾದುವ ಯಂತ್ರ ಒಂದಿದ್ದರೆ ಹೆಗಲು ಉಳಿಯುತ್ತದೆ, ಗಂಟೆಗೆ ಐದಾರು ರೊಟ್ಟಿ ಹೆಚ್ಚು ಬರುತ್ತದೆ, 'ಕೈಬಡಿದ ರೊಟ್ಟಿ' ಎಂದು ಬರೆಯುವ ಹಕ್ಕೂ ಉಳಿಯುತ್ತದೆ.

ಆರ್ಡರ್ ಹಿಡಿಯುವುದಕ್ಕಿಂತ ಬಿಡುವುದು ಈ ವ್ಯಾಪಾರದಲ್ಲಿ ಕಷ್ಟದ ವಿದ್ಯೆ. "ಅಕ್ಕೋರೆ, ನಾಳಿ ಮುಂಜಾನಿಗಿ ಐನೂರು ರೊಟ್ಟಿ ಬೇಕ್ರಿ, ಮದಿವಿ ಅದ" ಎಂದು ಫೋನ್ ಬಂದರೆ ಬಾಯಲ್ಲಿ 'ಹೂಂ' ಬಂದುಬಿಡುತ್ತದೆ. ಒಬ್ಬರಿಂದ ಆಗುವುದು 160. ಉಳಿದದ್ದನ್ನು ಓಣಿಯಲ್ಲಿ ಹಂಚಿ ಮಾಡಿಸಿದರೆ ಒಬ್ಬರದು ಎಂಟು ಇಂಚು, ಇನ್ನೊಬ್ಬರದು ಹನ್ನೊಂದು. ಒಂದು ತೆಳ್ಳಗೆ, ಒಂದು ದಪ್ಪ. ದೂರು ಬರುವುದು ನಿಮ್ಮ ಹೆಸರಿಗೆ. "ನೂರೈವತ್ತು ನಾಳಿ ಕೊಡ್ತೀನ್ರಿ ಅಣ್ಣೋರೆ, ಉಳಿದಿದ್ದಕ್ಕ ಮೂರು ದಿನ ಮೊದ್ಲ ಹೇಳಬೇಕಿತ್ತ" ಎನ್ನುವುದನ್ನು ರೂಢಿ ಮಾಡಿಕೊಳ್ಳಬೇಕು. ಗುಂಪಿನಲ್ಲಿ ಮಾಡಿಸುವುದೇ ಆದರೆ ಎಲ್ಲರಿಗೂ ಒಂದೇ ಅಳತೆಯ ಹತ್ತು ಇಂಚಿನ ತಟ್ಟೆ ಕೊಟ್ಟು, ಹತ್ತು ರೊಟ್ಟಿ ತೂಗಿ ತೆಗೆದುಕೊಳ್ಳಿ. ಚೆನ್ನಾಗಿ ಒಣಗಿದ ಹತ್ತು ಖಡಕ್ ರೊಟ್ಟಿ ಅರ್ಧ ಕೆಜಿಗಿಂತ ಒಂದಿಷ್ಟು ಹೆಚ್ಚು ತೂಗುತ್ತದೆ. 600 ಗ್ರಾಂ ದಾಟಿದರೆ ದಪ್ಪ ಬಡಿದಿದ್ದಾರೆ, ಇಲ್ಲವೇ ಒಳಗೆ ಹಸಿ ಇದೆ. ಎರಡೂ ಬೇಡ.

ಲೇಬಲ್ ವಿಷಯ ಬೇಗ ಮುಗಿಸುತ್ತೇನೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ, ಪದಾರ್ಥ, ನಿವ್ವಳ ತೂಕ, ತಯಾರಿಸಿದ ದಿನಾಂಕ, ಯಾವಾಗಿನೊಳಗೆ ತಿನ್ನಬೇಕು, ಬ್ಯಾಚ್, ಬೆಲೆ, ವಿಳಾಸ, ಹಸಿರು ಚುಕ್ಕೆ. 'ಆರು ತಿಂಗಳು ಇರುತ್ತದೆ' ಎಂದು ಬರೆಯುವ ಚಾಳಿ ಬೇಡ. ಮನೆಯ ಡಬ್ಬಿಯಲ್ಲಿ ಇದ್ದೀತು, ಜುಲೈ ತಿಂಗಳಲ್ಲಿ ಮಂಗಳೂರಿನ ಅಂಗಡಿಯ ಕಪಾಟಿನಲ್ಲಿ ಇರಲಾರದು.

ಒಡೆದ ರೊಟ್ಟಿಯನ್ನು ಎಸೆಯಬಾರದು. ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿದರೆ ಮುಟಗಿಯಾಯಿತು. ಸಣ್ಣಗೆ ಮುರಿದು ಒಗ್ಗರಣೆ ಹಾಕಿ ಶೇಂಗಾ ಬೆರೆಸಿ ಮಾರುವವರೂ ಇದ್ದಾರೆ. ಆ ಐದು ಪಾಲಿನ ನಷ್ಟ ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ ಉದ್ರಿ. ದೂರದ ಊರಿನ ದೊಡ್ಡ ಅಂಗಡಿ ಮಾಲು ತೆಗೆದುಕೊಂಡು 45 ದಿನಕ್ಕೆ ರೊಕ್ಕ ಕೊಡುತ್ತೇನೆ ಎನ್ನುತ್ತದೆ. ಮೇಲಿನ ಲೆಕ್ಕದಂತೆ ಕೂಲಿ ಸೇರಿ ದಿನದ ಖರ್ಚು 1,203. 45 ದಿನಕ್ಕೆ ಸುಮಾರು 54,000 ರೂಪಾಯಿ ಒಬ್ಬ ಹೆಣ್ಣುಮಗಳ ಕೈಯಿಂದ ಹೊರಗೆ ಇರುತ್ತದೆ. ಅದಕ್ಕೆ ಬಡ್ಡಿ ಕಟ್ಟುವವರು ಯಾರು? ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿ ಪುಕ್ಕಟೆ, ಆನ್‌ಲೈನಿನಲ್ಲೇ ಆಗುತ್ತದೆ, ಮಾಡಿಸಿಕೊಳ್ಳಿ. 2006ರ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ ಸಣ್ಣ ಉತ್ಪಾದಕರಿಗೆ ಕೊಡಬೇಕಾದ ರೊಕ್ಕವನ್ನು ಬರವಣಿಗೆಯ ಒಪ್ಪಂದ ಇದ್ದರೂ 45 ದಿನ ದಾಟಿಸುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಕಾಯ್ದೆ ಇದೆ ಎಂದ ಮಾತ್ರಕ್ಕೆ ರೊಕ್ಕ ಬರುವುದಿಲ್ಲ ನಿಜ. ಅದಕ್ಕೇ ಆರ್ಡರ್ ಹಿಡಿಯುವಾಗಲೇ ಅರ್ಧ ಮುಂಗಡ ಫೋನ್‌ಪೇಗೆ ಹಾಕಿಸಿಕೊಳ್ಳುವುದು, ಹಳೆಯ ಬಾಕಿ ಬಂದ ಮೇಲೆಯೇ ಹೊಸ ಪೆಟ್ಟಿಗೆ ಕಳಿಸುವುದು ಉತ್ತಮ.

ಹೊಸದಾಗಿ ಶುರು ಮಾಡುವವರು ಬೆಂಗಳೂರಿನ ಆರ್ಡರ್ ಬೆನ್ನು ಹತ್ತುವ ಮೊದಲು ತಮ್ಮ ಓಣಿಯ ಖಾನಾವಳಿ ನೋಡಬೇಕು. ದಿನಕ್ಕೆ ಅರವತ್ತು ಮೆತ್ತನೆ ರೊಟ್ಟಿ. ಕವರಿಲ್ಲ, ಲೇಬಲ್ಲಿಲ್ಲ, ಒಡೆಯುವುದಿಲ್ಲ, ಒಣಗಿಸುವ ಗ್ಯಾಸಿಲ್ಲ, ಸಂಜೆ ಬುಟ್ಟಿ ವಾಪಸು ಬರುವಾಗ ರೊಕ್ಕವೂ ಬರುತ್ತದೆ. ಹಿಟ್ಟು ಹೆಚ್ಚು ಬೇಕಾದರೂ ಗಂಟೆಗೆ ನಲವತ್ತು ರೊಟ್ಟಿ ಆಗುವುದರಿಂದ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ, ಮಿಕ್ಕ ಹೊತ್ತಿನಲ್ಲಿ ನಲವತ್ತೋ ಐವತ್ತೋ ಖಡಕ್ ರೊಟ್ಟಿ ಮಾಡಿ ನೇರ ಗಿರಾಕಿಗೆ ಹತ್ತಕ್ಕೆ ಮಾರಬಹುದು. ಇಂಥ ಎರಡು ಖಾನಾವಳಿ ಖಾಯಂ ಆದಮೇಲೆ ಕೊರಿಯರ್ ಪೆಟ್ಟಿಗೆಯ ಅಳತೆ ವಿಚಾರಿಸಿದರಾಯಿತು.